ಮೀಟರ್ ಎಲ್ಲಿ ಇಟ್ಟಿದ್ರು?

ನ್ಯಾನೋ ಆಯಸ್ಕಾಂತಗಳ ಬಗ್ಗೆ ಬರೆಯೋರಿಗೆ 2016ರ ಬರ್ಕ್ಲಿ ಪ್ರಯೋಗ ಅಂದ್ರೆ ಬಲು ಪ್ರೀತಿ. ಒಂದು ಬಿಟ್ ಅಳಿಸಿದರೆ ಇಷ್ಟಾದರೂ ಶಕ್ತಿ ಶಾಖವಾಗಿ ಹೋಗಲೇಬೇಕು ಅಂತ ಐಬಿಎಂನ ರಾಲ್ಫ್ ಲ್ಯಾಂಡಾವರ್ 1961ರಲ್ಲೇ ಹೇಳಿದ್ದರು. ಕೋಣೆಯ ಉಷ್ಣಾಂಶದಲ್ಲಿ ಆ ಮಿತಿ ಸುಮಾರು 3 ಜೆಪ್ಟೋಜೂಲ್. ಬರ್ಕ್ಲಿಯವರು ಪುಟಾಣಿ ಆಯಸ್ಕಾಂತದ ಬಿಟ್ ಅಳಿಸಿ ಅದರ ಹತ್ತಿರಕ್ಕೇ ಬಂದರು. ಪ್ರಯೋಗ ಸೊಗಸಾಗಿದೆ. ನನ್ನ ತಕರಾರು, ಅದನ್ನಿಟ್ಟುಕೊಂಡು ಇನ್ನು ಕಂಪ್ಯೂಟರಿಗೆ ಕರೆಂಟೇ ಬೇಡ ಅನ್ನೋ ಹಾಗೆ ಬರೆಯುವವರ ಮೇಲೆ.

ಅಲ್ಲಿ ಅಳೆದದ್ದು ಆಯಸ್ಕಾಂತದೊಳಗೆ ಶಾಖವಾದ ಶಕ್ತಿಯನ್ನು ಮಾತ್ರ. ಅದನ್ನು ತಿರುಗಿಸಲು ಹೊರಗಿಟ್ಟ ವಿದ್ಯುತ್ಕಾಂತ ಎಳೆದ ಕರೆಂಟು ಆ ಲೆಕ್ಕದಲ್ಲಿಲ್ಲ. ಡ್ರಿಪ್ಪಿನ ಹನಿ ಎಣಿಸಿ, ಬೋರ್‌ವೆಲ್ ಮೋಟರಿನ ಮೀಟರ್ ನೋಡದೇ ಬಿಟ್ಟ ಹಾಗಾಯ್ತು.

ಆಯಸ್ಕಾಂತದಲ್ಲೇ ನೆನಪಿಡುವ ಎಂ-ರ್ಯಾಮ್ ಚಿಪ್ಪುಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ. ಕರೆಂಟ್ ಹೋದರೂ ಬರೆದದ್ದು ಉಳಿಯುತ್ತೆ, ನಿಜವಾದ ಉಳಿತಾಯ ಇರೋದು ಅಲ್ಲಿ. ಆದರೆ ಒಂದು ಬಿಟ್ ಬರೆಯೋಕೆ ಇನ್ನೂ ಲ್ಯಾಂಡಾವರ್ ಮಿತಿಯ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ದೊಡ್ಡ ಕೆಲಸ ಬಾಕಿ ಇರೋದು ಆಯಸ್ಕಾಂತದಲ್ಲಲ್ಲ, ಅದನ್ನು ತಿರುಗಿಸುವ ದಾರಿಯಲ್ಲಿ.

ಹಾಗಾಗಿ ಮುಂದಿನ ಸಲ ಇಂಥ ಲೇಖನ ಕಣ್ಣಿಗೆ ಬಿದ್ದಾಗ ಒಂದೇ ಪ್ರಶ್ನೆ ಕೇಳಿ: ಮೀಟರ್ ಎಲ್ಲಿ ಇಟ್ಟಿದ್ರು?