ವಿಮಾನದಲ್ಲಿ ಎಷ್ಟು ಚೀಲ ಮೆಕ್ಕೆಜೋಳ?

‘ಹತ್ತಿರದಲ್ಲೇ ವಿಮಾನ ನಿಲ್ದಾಣ ಬಂತು, ಇನ್ನು ನಮ್ಮ ರೈತರ ಬೆಳೆ ನೇರವಾಗಿ ವಿದೇಶಕ್ಕೆ ಹಾರುತ್ತದೆ.’ ಈ ಮಾತನ್ನು ಸಭೆ ಸಮಾರಂಭಗಳಲ್ಲಿ ನೀವು ಕೇಳಿರಬಹುದು. ಶಿಕ್ಷಕರಾಗಿದ್ದರೆ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಓದಿರಬಹುದು. ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ದಾವಣಗೆರೆ ಜಿಲ್ಲೆಗೆ ಸ್ವಂತ ನಿಲ್ದಾಣವಿಲ್ಲ. ಆದ್ದರಿಂದ ಚನ್ನಗಿರಿಯ ಅಡಿಕೆ, ಹೊನ್ನಾಳಿ-ನ್ಯಾಮತಿಯ ಭತ್ತ, ಜಗಳೂರಿನ ಮೆಕ್ಕೆಜೋಳ ಮತ್ತು ಈರುಳ್ಳಿಯ ಹೆಸರು ಹೇಳಿ ಅದೇ ನಿಲ್ದಾಣದ ಕಡೆಗೆ ಕೈ ತೋರಿಸುವುದು ಸಹಜ. ಆಸೆ ತಪ್ಪಲ್ಲ. ಆದರೆ ಆಸೆಯನ್ನು ತಕ್ಕಡಿಗೆ ಹಾಕಿ ನೋಡಬೇಕಲ್ಲವೆ?

ಮೊದಲು ಈ ಮಾತಿನಲ್ಲಿರುವ ಸತ್ಯಾಂಶವನ್ನು ಒಪ್ಪಿಕೊಳ್ಳೋಣ. ಪ್ರಯಾಣಿಕರ ವಿಮಾನಗಳು ಜನರನ್ನಷ್ಟೇ ಒಯ್ಯುವುದಿಲ್ಲ. ದೊಡ್ಡ ಜೆಟ್ ವಿಮಾನಗಳಲ್ಲಿ ನಾವು ಕುಳಿತ ನೆಲದ ಕೆಳಗೆ ಸರಕಿನ ಕೋಣೆ ಇರುತ್ತದೆ. ಕೋವಿಡ್‌ಗೆ ಮುಂಚೆ ಜಗತ್ತಿನ ವಾಯು ಸರಕಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೀಗೆಯೇ ಸಾಗುತ್ತಿತ್ತು. ಬೆಂಗಳೂರಿನಿಂದ ಹೊರದೇಶಗಳಿಗೆ ಹೋಗುವ ಗುಲಾಬಿ, ತರಕಾರಿಗಳಲ್ಲಿಯೂ ಬಹಳಷ್ಟು ಪ್ರಯಾಣಿಕರ ಕಾಲಡಿಯಲ್ಲೇ ಹೋಗುತ್ತವೆ.

ಈಗ ಸೋಗಾನೆಯ ಲೆಕ್ಕ ನೋಡೋಣ. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಅಲ್ಲಿಗೆ ಬಂದ ಮೊದಲ ನಿಯಮಿತ ವಿಮಾನ ಎಟಿಆರ್-72, ಪಂಕ ತಿರುಗುವ ಚಿಕ್ಕ ವಿಮಾನ. ಇದಕ್ಕೆ ನೆಲದಡಿಯ ಸರಕು ಕೋಣೆಯೇ ಇಲ್ಲ. ಸಾಮಾನನ್ನು ಆಸನಗಳ ಹಿಂದೆ ಮುಂದೆ ಇರುವ ಪುಟ್ಟ ಕೋಣೆಗಳಲ್ಲಿ ಇಡುತ್ತಾರೆ. ಇದು ಹೊರಬಲ್ಲ ಒಟ್ಟು ಹೊರೆ ಸುಮಾರು 7,500 ಕೆ.ಜಿ. ಆಸನಗಳು 78. ಒಬ್ಬ ಪ್ರಯಾಣಿಕ, ಆತನ ಸಾಮಾನು ಎಲ್ಲ ಸೇರಿ 90 ಕೆ.ಜಿ. ಎಂದು ಹಿಡಿಯಿರಿ. 78 × 90 = 7,020 ಕೆ.ಜಿ. ವಿಮಾನ ತುಂಬಿದ್ದರೆ ಸರಕಿಗೆ ಉಳಿಯುವುದು 480 ಕೆ.ಜಿ., ಅಂದರೆ ಐದು ಕ್ವಿಂಟಾಲಿಗೂ ಕಡಿಮೆ! ಮೆಕ್ಕೆಜೋಳಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂ. ಹಾಗಾದರೆ ವಿಮಾನದಲ್ಲಿ ಉಳಿದ ಜಾಗಕ್ಕೆಲ್ಲ ಮೆಕ್ಕೆಜೋಳ ತುಂಬಿದರೂ ಅದರ ಬೆಲೆ 11,520 ರೂ. ಇಷ್ಟು ಸರಕನ್ನು ಒಂದು ಸಣ್ಣ ಗೂಡ್ಸ್ ಗಾಡಿ ಸಾಗಿಸುತ್ತದೆ.

ತೂಕದ ಜೊತೆಗೆ ಗಾತ್ರದ ಪ್ರಶ್ನೆಯೂ ಇದೆ. ವಾಯು ಸರಕಿನಲ್ಲಿ ಸಾಮಾನ್ಯವಾಗಿ 6,000 ಘನ ಸೆಂ.ಮೀ. ಜಾಗವನ್ನು ಒಂದು ಕೆ.ಜಿ. ಎಂದು ಎಣಿಸುತ್ತಾರೆ. ತೂಕ ಮತ್ತು ಗಾತ್ರ, ಇವೆರಡರಲ್ಲಿ ಯಾವ ಲೆಕ್ಕ ಹೆಚ್ಚೋ ಅದಕ್ಕೆ ಬಾಡಿಗೆ. 60 × 50 × 40 ಸೆಂ.ಮೀ. ಅಳತೆಯ ಪೆಟ್ಟಿಗೆಯಲ್ಲಿ ದಾವಣಗೆರೆಯ ಮಂಡಕ್ಕಿ ತುಂಬಿ ಕಳಿಸಿದಿರಿ ಎನ್ನಿ. ತೂಕ 10 ಕೆ.ಜಿ. ಇದ್ದರೂ ಬಾಡಿಗೆ ಕೊಡಬೇಕಾದದ್ದು 20 ಕೆ.ಜಿ.ಗೆ.

‘ಹೇಗೂ ಹಾರುವ ವಿಮಾನ, ಜಾಗ ಖಾಲಿ ಇದೆ, ಖರ್ಚೇನು?’ ಎಂದು ಕೇಳುವವರಿದ್ದಾರೆ. ಭೌತ ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಹೆಚ್ಚುವರಿ ತೂಕವನ್ನು ಎತ್ತಿ ಹಿಡಿಯಲು ರೆಕ್ಕೆಗಳು ಹೆಚ್ಚು ಉತ್ಥಾಪಕ ಬಲ ಕೊಡಬೇಕು. ಆಗ ಎಳೆತವೂ ಹೆಚ್ಚುತ್ತದೆ, ಇಂಧನವೂ ಹೆಚ್ಚು ಉರಿಯುತ್ತದೆ. ಜೆಟ್ ವಿಮಾನದಲ್ಲಿ ಇದು ಗಂಟೆಗೆ ಹೆಚ್ಚುವರಿ ತೂಕದ ಸುಮಾರು ಶೇ. 3ರಷ್ಟು. ಹತ್ತು ಗಂಟೆ ಹಾರಿದರೆ ಒಂದು ಟನ್ ಸರಕಿಗೆ ಸುಮಾರು 300 ಕೆ.ಜಿ. ಇಂಧನ. ಇನ್ನೊಂದು ತೊಡಕು ಬೇಸಿಗೆಯದು. ಕಾದ ಗಾಳಿಯ ಸಾಂದ್ರತೆ ಕಡಿಮೆ, ಆದ್ದರಿಂದ ವಿಮಾನ ಹೊತ್ತು ಮೇಲೇರಬಲ್ಲ ತೂಕವೂ ಕಡಿಮೆಯಾಗಬಹುದು. ಆಗ ಮೊದಲು ಕೆಳಗಿಳಿಯುವುದು ಪ್ರಯಾಣಿಕನಲ್ಲ, ಸರಕು.

ಜನರ ಬದಲು ಸರಕನ್ನೇ ಕೂರಿಸಿದರೆ? ಅದೂ ನಡೆದಿದೆ. 2020ರ ಮಾರ್ಚ್‌ನಲ್ಲಿ ಪ್ರಯಾಣಿಕರ ಹಾರಾಟ ನಿಂತಾಗ ಸರಕಿನ ಜಾಗವೂ ಅದರೊಂದಿಗೆ ಮಾಯವಾಯಿತು. ಆ ವರ್ಷದ ಏಪ್ರಿಲ್ 7ರಂದು ಸ್ಪೈಸ್‌ಜೆಟ್ ದೆಹಲಿಯಿಂದ ಚೆನ್ನೈಗೆ ಆಸನಗಳ ಮೇಲೂ ಸರಕು ಹೇರಿ ಹಾರಿತು. ಆದರೆ ಪ್ರಯಾಣಿಕರ ಕೋಣೆಯಲ್ಲಿ ಸರಕು ಕೋಣೆಯಂಥ ಬೆಂಕಿ ಪತ್ತೆ ಮತ್ತು ಶಮನ ವ್ಯವಸ್ಥೆ ಇರುವುದಿಲ್ಲ. ಹೊರೆಯನ್ನು ಕೈಯಿಂದಲೇ ತುಂಬಿ, ಕೈಯಿಂದಲೇ ಇಳಿಸಬೇಕು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಈ ವಿನಾಯಿತಿಯನ್ನು 2022ರ ಜುಲೈ 31ಕ್ಕೆ ಕೊನೆಗೊಳಿಸಿತು. ಆಪತ್ತಿಗಾದ ಉಪಾಯವನ್ನು ನಿತ್ಯದ ದಾರಿ ಎಂದು ಬಗೆಯಬಾರದು.

2021ರ ಅಕ್ಟೋಬರ್‌ನಲ್ಲಿ ಬಂದ ‘ಕೃಷಿ ಉಡಾನ್ 2.0’ ಯೋಜನೆ ಆಯ್ದ ನಿಲ್ದಾಣಗಳಲ್ಲಿ ಸರಕು ಸಾಗಿಸುವ ವಿಮಾನಗಳಿಗೆ ಇಳಿಯುವ, ನಿಲ್ಲುವ ಶುಲ್ಕ ಮನ್ನಾ ಮಾಡಿತು. ಒಳ್ಳೆಯದೇ. ಆದರೆ ಶುಲ್ಕ ಇಳಿಸಬಹುದು, ತೂಕ ಇಳಿಸಲಾಗದು. ಪ್ರಯಾಣಿಕ ವಿಮಾನ ಹೋಗುವುದು ಜನ ಹೋಗುವ ಊರಿಗೆ, ಜನಕ್ಕೆ ಅನುಕೂಲವಾದ ಹೊತ್ತಿಗೆ. ಬೆಳೆಗೆ ಸಿಗುವುದು ಉಳಿದ ಜಾಗ ಮಾತ್ರ.

ಹಾಗಾದರೆ ನಮ್ಮ ತಾಲ್ಲೂಕುಗಳಿಗೆ ಇದರಿಂದ ಏನೂ ಇಲ್ಲವೆ? ಹಾಗಲ್ಲ. ವಿಮಾನ ಮಾರುವುದು ಸಮಯವನ್ನು. ಒಣಗಿಸಿದ ಅಡಿಕೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದಕ್ಕೆ ಸಮಯ ಕೊಂಡು ಪ್ರಯೋಜನವಿಲ್ಲ. ಮೆಕ್ಕೆಜೋಳಕ್ಕೂ ಇದೇ ಮಾತು. ಈರುಳ್ಳಿಗೆ ಬೇಕಾದದ್ದು ಗಾಳಿಯಾಡುವ ಉಗ್ರಾಣ. ಕೊಯ್ದ ಎರಡು ಮೂರು ದಿನಗಳಲ್ಲಿ ಬಾಡುವ, ಕೆ.ಜಿ.ಗೆ ಒಳ್ಳೆಯ ಬೆಲೆ ತರುವ ಹೂವು, ಎಳೆ ತರಕಾರಿ, ಹಣ್ಣು ಬೆಳೆದರೆ ಮಾತ್ರ ಹಾರಾಟ ಗಿಟ್ಟೀತು. ಅದಕ್ಕೂ ದೊಡ್ಡ ವಿಮಾನ ಬೇಕು; ಅದು ಇರುವುದು ಬೆಂಗಳೂರಿನಲ್ಲಿ. ಜಗಳೂರಿನಿಂದ ಸಂಜೆ ಹೊರಟ ವಾಹನ ಬೆಳಗಾಗುವುದರೊಳಗೆ ಅಲ್ಲಿರುತ್ತದೆ. ಕೊಯ್ದ ಮೇಲೂ ತರಕಾರಿ ಉಸಿರಾಡುತ್ತದೆ, ಶಾಖ ಬಿಡುತ್ತದೆ. ಹೊಲದ ಬಳಿಯೇ ತಣಿಸಿ, ವಿಂಗಡಿಸಿ, ಶೀತಲ ವಾಹನಕ್ಕೆ ಏರಿಸುವ ಕೇಂದ್ರವಿಲ್ಲದಿದ್ದರೆ, ವಿಮಾನ ಉಳಿಸಿದ ಗಂಟೆಗಳನ್ನು ರಸ್ತೆಯಲ್ಲೇ ಕಳೆದುಕೊಂಡಂತೆ. ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೆ. ಘೋಷಣೆಯನ್ನು ನಂಬಿ ಬೆಳೆ ಬದಲಿಸಿದರೆ ನಷ್ಟ ರೈತನದೇ ಹೊರತು ಭಾಷಣಕಾರನದಲ್ಲ.

ಮುಂದಿನ ಸಲ ಈ ವಿಷಯ ತರಗತಿಯಲ್ಲಿ ಬಂದಾಗ ನಾಲ್ಕು ಪ್ರಶ್ನೆ ಕೇಳಿಸಿ: ಯಾವ ವಿಮಾನ? ಎಷ್ಟು ಹೊರೆ ಉಳಿದಿದೆ? ಸರಕಿನ ಬೆಲೆ ಕೆ.ಜಿ.ಗೆ ಎಷ್ಟು? ಅದು ಎಷ್ಟು ದಿನ ಕೆಡದೆ ಇರುತ್ತದೆ? ನಿಮ್ಮ ಊರಿನ ಬೆಳೆಯನ್ನೇ ಹಿಡಿದು ವಿದ್ಯಾರ್ಥಿಗಳು ಲೆಕ್ಕ ಮಾಡಲಿ. ಉತ್ತರ ಏನೇ ಬರಲಿ, ಮುಂದಿನ ಪ್ರಬಂಧ ಘೋಷಣೆಯಿಂದ ಆರಂಭವಾಗದಿದ್ದರೆ ಸಾಕು.