ಹೆಸರು ಹಲವು, ಚಾನೆಲ್ ಒಂದೇ

ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ವಿಶ್ವೇಶ್ವರಯ್ಯ ನಾಲೆ, ಕೆ.ಆರ್.ಪೇಟೆ, ನಾಗಮಂಗಲದವರಿಗೆ ಹೇಮಾವತಿ ನಾಲೆ ಪರಿಚಿತ. ತೂಬುಗಳನ್ನು ಹೆಚ್ಚಿಸಿದ ಮಾತ್ರಕ್ಕೆ ನಾಲೆಯ ನೀರು ಹೆಚ್ಚುವುದಿಲ್ಲ ಎಂಬುದು ಇಲ್ಲಿನ ರೈತರಿಗೆಲ್ಲ ಗೊತ್ತು. ಶಾಲೆಗೆ ವೈ-ಫೈ ಅಳವಡಿಸುವಾಗಲೂ ಇದನ್ನು ನೆನಪಿಡಬೇಕು.

ಒಂದೇ ಆಕ್ಸೆಸ್ ಪಾಯಿಂಟ್‌ನಲ್ಲಿ ಕಚೇರಿ, ಶಿಕ್ಷಕರು, ವಿದ್ಯಾರ್ಥಿಗಳು, ಅತಿಥಿಗಳು ಎಂದು ಹಲವು ನಿಸ್ತಂತು ಜಾಲಗಳನ್ನು ರಚಿಸಬಹುದು. ಸೌಲಭ್ಯವೇನೋ ಉಪಯುಕ್ತ. ಆದರೆ ಅವೆಲ್ಲ ಹಂಚಿಕೊಳ್ಳುವುದು ಒಂದೇ ಚಾನೆಲನ್ನು. ಪ್ರತಿ ಜಾಲವೂ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ತನ್ನ ಹೆಸರು ಸಾರುವ 'ಬೀಕನ್' ಸಂಕೇತವನ್ನು ಕಳುಹಿಸುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ, 250 ಬೈಟ್‌ಗಳ ಬೀಕನ್ ಸಾಗಲು 2 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಎಂಟು ಹೆಸರುಗಳಿದ್ದರೆ ಚಾನೆಲ್‌ನ ಸುಮಾರು ಆರನೆಯ ಒಂದು ಭಾಗ ಸಮಯ ಹೆಸರು ಕೂಗುವುದಕ್ಕೇ ವ್ಯಯ!

ಇದಕ್ಕಿಂತ ಅಪಾಯಕಾರಿಯಾದುದು, ಹೆಸರು ಬೇರೆಯಾದರೆ ಜಾಲವೂ ಬೇರೆಯಾಯಿತೆಂಬ ಭ್ರಮೆ. ಪ್ರತಿ ಹೆಸರಿಗೂ ಪ್ರತ್ಯೇಕ ವಿ-ಲ್ಯಾನ್ ನೀಡಿ, ಸ್ವಿಚ್ ಮತ್ತು ರೂಟರ್‌ಗಳಲ್ಲೂ ಆ ವಿಭಜನೆಯನ್ನು ಮುಂದುವರಿಸಬೇಕು. ಇಲ್ಲವಾದರೆ ಅತಿಥಿಯ ಮೊಬೈಲೂ ಅಂಕಪಟ್ಟಿಗಳಿರುವ ಕಚೇರಿಯ ಗಣಕವೂ ಒಂದೇ ಜಾಲದಲ್ಲಿ ಉಳಿಯಬಹುದು. ಹೆಸರನ್ನು ಮರೆಮಾಡುವುದೂ ರಕ್ಷಣೆಯಲ್ಲ; ಅಧಿಕೃತ ಉಪಕರಣ ಸಂಪರ್ಕ ಪಡೆಯುವಾಗಲೇ ಅದು ಬಯಲಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಎರಡು ಮೂರು ಹೆಸರುಗಳು ಸಾಕು. ಹಳೆಯ ಉಪಕರಣಗಳಿಲ್ಲದಿದ್ದರೆ ಕನಿಷ್ಠ ವೇಗವನ್ನು ಹೆಚ್ಚಿಸಿ. ಸಾಧ್ಯವಿದ್ದೆಡೆ 5 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸಿ. ಅನಂತರ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ಪರೀಕ್ಷೆ ಮಾಡಿ: ಅತಿಥಿ ಜಾಲದಿಂದ ಕಚೇರಿಯ ಮುದ್ರಕಕ್ಕೆ 'ಪಿಂಗ್' ಕಳುಹಿಸಿ. ಉತ್ತರ ಬಂದರೆ, ನೀವು ಕಟ್ಟಿದ್ದು ಗೋಡೆಯಲ್ಲ, ಬರೀ ನಾಮಫಲಕ.