ಮೊಹೆಂಜೊದಾರೋ ಮುದ್ರೆಯ ‘ಪಶುಪತಿ’: ಒಂದು ವಿಮರ್ಶೆ

ಸರ್ ಜಾನ್ ಮಾರ್ಷಲ್ಲರು 1931ರಲ್ಲಿ ಪ್ರಕಟವಾದ ತಮ್ಮ ಮೊಹೆಂಜೊದಾರೋ ಗ್ರಂಥದಲ್ಲಿ, ಕೊಂಬಿನ ಶಿರೋಭೂಷಣ ಧರಿಸಿ ಆಸನಸ್ಥನಾದ ಮುದ್ರಾಪುರುಷನನ್ನು ಶಿವನ ಪೂರ್ವರೂಪವೆಂದು ನಿರ್ಣಯಿಸಿದರು. ಸುತ್ತಲಿನ ಪ್ರಾಣಿಗಳಿಂದ ಅವನು ಪಶುಪತಿಯೆಂಬುದು ಸಿದ್ಧಿಸುವುದೆಂದು ಅವರ ವಾದ. ಆದರೆ ಆ ಪ್ರಾಣಿಗಳಾವುವು? ಆನೆ, ಹುಲಿ, ಖಡ್ಗಮೃಗ, ಕೋಣ. ವೈದಿಕ ಪ್ರಯೋಗದಲ್ಲಿ ‘ಪಶು’ ಶಬ್ದವು ಪ್ರಧಾನವಾಗಿ ಗೋವು, ಕುದುರೆ, ಆಡು, ಕುರಿಗಳಂಥ ಸಾಕುಪ್ರಾಣಿಗಳನ್ನು ಸೂಚಿಸುತ್ತದೆ. ಹುಲಿ, ಖಡ್ಗಮೃಗಗಳು ಆ ವರ್ಗಕ್ಕೆ ಸೇರವು. ಇತರ ಮುದ್ರೆಗಳಲ್ಲಿ ಮೆರೆಯುವ ಹಿಣಿಲುಳ್ಳ ಗೂಳಿಯೂ ಇಲ್ಲಿಲ್ಲ. ಸಿಂಧೂಲಿಪಿಗೆ ಸರ್ವಸಮ್ಮತವಾದ ಓದು ಇನ್ನೂ ದೊರೆತಿಲ್ಲವಾದ್ದರಿಂದ, ಮುಂದಿನ ಕಾಲದ ದೇವತೆಯ ಹೆಸರನ್ನು ಹಿಂದಿನ ಚಿತ್ರಕ್ಕೆ ಆರೋಪಿಸುವುದು ಸಾಹಸವೇ ಸರಿ. ಮಾರ್ಷಲ್ಲರ ವರ್ಣನೆ ಇಂದಿಗೂ ಬೆಲೆಯುಳ್ಳದ್ದು. ನಾಮಕರಣವು ಊಹೆ ಮಾತ್ರ. ತರಗತಿಯಲ್ಲಿ ಅದನ್ನು ಊಹೆಯೆಂದೇ ಬೋಧಿಸುವುದು ಅಧ್ಯಾಪಕರ ಕರ್ತವ್ಯ.